‘ಪತ್ತೆಯಾಗಿಲ್ಲ’ ಎನ್ನುವವರು ಎಷ್ಟರವರೆಗೆ ಹುಡುಕಿದರು ಎಂಬುದನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಅಣು ವಿದ್ಯುತ್ ಸ್ಥಾವರಗಳ ಸುತ್ತಲಿನ ನೀರು, ಹಾಲು, ಮೀನು, ಸೊಪ್ಪಿನ ತಪಾಸಣೆಯ ಸುದ್ದಿ ಬಂದಾಗಲೆಲ್ಲ ಕೊನೆಗೆ ಒಂದೇ ವಾಕ್ಯ ಕಾಣಿಸುತ್ತದೆ: ‘ವಿಕಿರಣಶೀಲತೆ ಪತ್ತೆಯಾಗಿಲ್ಲ.’ ಇದನ್ನು ಓದಿ ಕೆಲವರು ನೆಮ್ಮದಿಪಡುತ್ತಾರೆ, ಕೆಲವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸುತ್ತಾರೆ. ನಿಜ ಹೇಳಬೇಕೆಂದರೆ ಆ ವಾಕ್ಯದಿಂದ ಇಬ್ಬರಿಗೂ ಏನೂ ತಿಳಿದಿರುವುದಿಲ್ಲ. ಯಾವ ಧಾತುವನ್ನು ಹುಡುಕಿದರು, ಯಾವ ದಿನದ ಮಾದರಿ, ಅದರಿಂದ ಹೊಮ್ಮುವ ಕಿರಣಗಳನ್ನು ಎಷ್ಟು ಹೊತ್ತು ಎಣಿಸಿದರು, ಉಪಕರಣಕ್ಕೆ ಎಷ್ಟು ಸಣ್ಣ ಪ್ರಮಾಣ ಕಾಣುತ್ತಿತ್ತು ಎಂಬ ವಿವರಗಳಿಲ್ಲದೆ ಹೇಳಿದ ‘ಇಲ್ಲ’ ಅಳತೆಯ ಫಲಿತಾಂಶ ಅನ್ನಿಸಿಕೊಳ್ಳುವುದಿಲ್ಲ. ಈ ವಿವರಗಳನ್ನು ಕೇಳಿ ಪಡೆಯುವುದು ಹೇಗೆ, ಕೈಗೆ ಬಂದ ವರದಿಯನ್ನು ಓದುವುದು ಹೇಗೆ ಎಂದು ತಿಳಿಸಲು ಈ ಪತ್ರ.

ಮೊದಲಿಗೆ, ವಿಕಿರಣಶೀಲತೆಯೇ ಇಲ್ಲದ ಆಹಾರ ಭೂಮಿಯ ಮೇಲೆ ಎಲ್ಲೂ ಇಲ್ಲ. ಪೊಟ್ಯಾಸಿಯಂ ಇದ್ದಲ್ಲೆಲ್ಲ ಅದರ ಅಂಗವಾಗಿಯೇ ವಿಕಿರಣಶೀಲ ರೂಪವಾದ ಪೊಟ್ಯಾಸಿಯಂ-40 ಇರುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕ್ವೆರೆಲ್, ಅಂದರೆ ಸೆಕೆಂಡಿಗೆ 31 ಪರಮಾಣುಗಳು ಕ್ಷಯಿಸುತ್ತಿರುತ್ತವೆ. ಒಂದು ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗ್ರಾಂ ಪೊಟ್ಯಾಸಿಯಂ ಇರುವುದರಿಂದ ಲೀಟರಿಗೆ 45ರಿಂದ 50 ಬೆಕ್ವೆರೆಲ್ ಬರಲೇಬೇಕು. ವಯಸ್ಕರೊಬ್ಬರ ಮೈಯಲ್ಲೇ 4,000 ಬೆಕ್ವೆರೆಲ್‌ಗೂ ಹೆಚ್ಚು ಪೊಟ್ಯಾಸಿಯಂ-40 ಇದೆ. ಆದ್ದರಿಂದ ಹಾಲಿನ ವರದಿ ಕೈಗೆ ಬಂದರೆ ಮೊದಲು ಪೊಟ್ಯಾಸಿಯಂ-40ರ ಸಾಲನ್ನು ನೋಡಿ. ಅಲ್ಲಿ 45ರ ಆಸುಪಾಸಿನ ಅಂಕಿ ಇಲ್ಲದಿದ್ದರೆ ತೂಕ ತಪ್ಪಿದೆ, ಇಲ್ಲವೇ ಉಪಕರಣದ ಮಾಪನಾಂಕ ನಿರ್ಣಯ ತಪ್ಪಿದೆ. ಆ ಸಾಲೇ ಇಲ್ಲದಿದ್ದರೆ ವರದಿಯನ್ನು ಎಲ್ಲೋ ಕತ್ತರಿಸಿ ಕೊಟ್ಟಿದ್ದಾರೆ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಇದನ್ನು ಓದುಗರೇ ಮಾಡಬಹುದು.

ಸ್ಥಾವರದ ಕಡೆಯಿಂದ ಬರಬಹುದಾದವುಗಳಲ್ಲಿ ಆಹಾರ ಮತ್ತು ನೀರಿನ ಮಟ್ಟಿಗೆ ಮುಖ್ಯವಾದವು ಕೆಲವೇ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಕ್ಷಯಿಸಿ ಅರ್ಧವಾಗಲು ಬೇಕಾದ ಕಾಲ, 8 ದಿನ. ಸೀಸಿಯಂ-134ಕ್ಕೆ 2 ವರ್ಷ, ಸೀಸಿಯಂ-137ಕ್ಕೆ 30 ವರ್ಷ, ಸ್ಟ್ರಾನ್ಷಿಯಂ-90ಕ್ಕೆ ಸುಮಾರು 29 ವರ್ಷ, ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂಗೆ 12.3 ವರ್ಷ. ಇವೆಲ್ಲವನ್ನೂ ಒಂದೇ ಉಪಕರಣದಲ್ಲಿ ನೋಡಲು ಬರುವುದಿಲ್ಲ. ಅಯೋಡಿನ್ ಮತ್ತು ಸೀಸಿಯಂ ಗಾಮಾ ಕಿರಣ ಹೊಮ್ಮಿಸುವುದರಿಂದ ಜರ್ಮೇನಿಯಂ ಡಿಟೆಕ್ಟರ್ ಮುಂದೆ ಇಟ್ಟರೆ ಸಾಕು. ಸ್ಟ್ರಾನ್ಷಿಯಂ-90 ಹೊಮ್ಮಿಸುವುದು ಬರೀ ಬೀಟಾ ಕಣ, ಅದನ್ನು ರಾಸಾಯನಿಕವಾಗಿ ಬೇರ್ಪಡಿಸದೆ ಅಳೆಯಲಾಗದು. ಟ್ರಿಟಿಯಂನ ಬೀಟಾ ಎಷ್ಟು ದುರ್ಬಲವೆಂದರೆ ಗಾಳಿಯಲ್ಲಿ ಕೆಲವೇ ಮಿಲಿಮೀಟರ್ ಸಾಗುವಷ್ಟರಲ್ಲಿ ನಿಂತುಹೋಗುತ್ತದೆ. ಅದಕ್ಕೆ ಲಿಕ್ವಿಡ್ ಸಿಂಟಿಲೇಶನ್ ಕೌಂಟರ್, ಅಂದರೆ ಮಾದರಿಯನ್ನು ಮಿನುಗುವ ದ್ರಾವಣದಲ್ಲಿ ಬೆರೆಸಿ ಬೆಳಕಿನ ಮಿನುಗುಗಳನ್ನು ಎಣಿಸುವ ಉಪಕರಣ ಬೇಕು. ಹೀಗಾಗಿ ‘ಗಾಮಾ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ’ ಎಂದರೆ ಸ್ಟ್ರಾನ್ಷಿಯಂ, ಟ್ರಿಟಿಯಂ ಇಲ್ಲ ಎಂದಾಗುವುದಿಲ್ಲ, ಅವನ್ನು ನೋಡಿಯೇ ಇಲ್ಲ ಎಂದಷ್ಟೇ ಆಗುತ್ತದೆ.

ಕುಡಿಯುವ ನೀರಿನ ವಿಷಯದಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಹಂತದ ಜರಡಿಯಾಗಿ ಒಟ್ಟು ಆಲ್ಫಾ ಲೀಟರಿಗೆ 0.5 ಬೆಕ್ವೆರೆಲ್, ಒಟ್ಟು ಬೀಟಾ ಲೀಟರಿಗೆ 1 ಬೆಕ್ವೆರೆಲ್ ಎಂದು ಗುರುತಿಸಿದೆ. ಆದರೆ ಈ ಪರೀಕ್ಷೆಯಲ್ಲಿ ನೀರನ್ನು ತಟ್ಟೆಯ ಮೇಲೆ ಆವಿ ಮಾಡಿ ಉಳಿದ ಗಸಿಯಿಂದ ಬರುವ ಕಣಗಳನ್ನು ಎಣಿಸುತ್ತಾರೆ. ಟ್ರಿಟಿಯಂ ಎಂದರೆ ನೀರಿನ ಅಣುವಿನೊಳಗಿನ ಹೈಡ್ರೋಜನ್ನೇ ಆದ್ದರಿಂದ ಅದು ಆವಿಯೊಂದಿಗೆ ಹೊರಟುಹೋಗುತ್ತದೆ. ಅಯೋಡಿನ್ ಕೂಡ ಬಹುಪಾಲು ಹಾರಿಹೋಗಬಹುದು. ಅಂದರೆ ಸ್ಥಾವರದ ಪಕ್ಕದಲ್ಲಿ ಮೊದಲು ನೋಡಬೇಕಾದ ಎರಡು ಧಾತುಗಳೇ ಈ ಜರಡಿಗೆ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಒಟ್ಟು ಬೀಟಾ ಮಿತಿ ದಾಟಿ ಸುಮ್ಮನೆ ಗಾಬರಿಯಾಗುತ್ತದೆ. ಪೊಟ್ಯಾಸಿಯಂ ಅನ್ನು ಬೇರೆಯಾಗಿ ಅಳೆದು, ಗ್ರಾಂಗೆ ಸುಮಾರು 28 ಬೆಕ್ವೆರೆಲ್‌ನಂತೆ ಕಳೆದ ಮೇಲೆ ಉಳಿಯುವುದನ್ನು ನೋಡಬೇಕು. ತಟ್ಟೆಯ ಮೇಲಿನ ಗಸಿ ದಪ್ಪವಾದರೆ ಆಲ್ಫಾ ಕಣಗಳು ಅದರೊಳಗೇ ಅಡಗಿ ಎಣಿಕೆ ಕಡಿಮೆ ಬರುತ್ತದೆ ಎಂಬುದೂ ನೆನಪಿರಲಿ. ಗಡಸು ನೀರಿನಲ್ಲಿ ಇದು ಪದೇ ಪದೇ ಆಗುವ ಲೋಪ.

ಮಾದರಿ ತೆಗೆಯುವ ಕೈಯಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ. ಒಂದೇ ಜಾಗದ ನೀರನ್ನು ಬೇರೆ ಬೇರೆ ಬಾಟಲಿಗಳಲ್ಲಿ ಹಿಡಿಯಬೇಕು. ಸೀಸಿಯಂ, ಸ್ಟ್ರಾನ್ಷಿಯಂ ಮತ್ತು ಲೋಹಗಳಿಗಾಗಿ ಹಿಡಿದ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲದಿದ್ದರೆ ಅವು ಬಾಟಲಿಯ ಗೋಡೆಗೆ ಅಂಟಿಕೊಂಡು ಎಣಿಸುವ ನೀರಿನಲ್ಲಿ ಉಳಿಯುವುದಿಲ್ಲ. ನೀರನ್ನು ಸೋಸಬೇಕೆಂದಿದ್ದರೆ ಆಮ್ಲ ಹಾಕುವ ಮೊದಲೇ ಸೋಸಬೇಕು. ಆಮ್ಲ ಬಿದ್ದ ಮೇಲೆ ಮಣ್ಣಿನ ಕಣಗಳಿಗೆ ಅಂಟಿದ್ದು ಬಿಟ್ಟುಕೊಂಡು ನೀರಿಗೆ ಸೇರಿ ಲೆಕ್ಕ ಕೆಡುತ್ತದೆ. ಅಯೋಡಿನ್‌ಗಾಗಿ ಹಿಡಿದ ಬಾಟಲಿಗೆ ಆಮ್ಲ ಹಾಕಲೇಬಾರದು, ಹಾಕಿದರೆ ಅದು ಹಾರಿಹೋಗುತ್ತದೆ. ಟ್ರಿಟಿಯಂನ ಬಾಟಲಿಗೆ ಏನನ್ನೂ ಹಾಕದೆ, ಗಾಳಿಗೆ ಜಾಗ ಬಿಡದೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಬೇಕು. ತಿಂಗಳುಗಟ್ಟಲೆ ಇಡುವುದಾದರೆ ಗಾಜಿನ ಬಾಟಲಿಯೇ ಮೇಲು, ಏಕೆಂದರೆ ತೆಳು ಪ್ಲಾಸ್ಟಿಕ್ ಮೂಲಕ ನೀರಾವಿ ನಿಧಾನವಾಗಿ ಒಳಗೂ ಹೊರಗೂ ಹೋಗುತ್ತದೆ. ಒಂದೇ ಕ್ಯಾನಿನಲ್ಲಿ ಐದು ಲೀಟರ್ ತಂದು, ಆಮ್ಲ ಹಾಕಿ, ಅದರಿಂದಲೇ ಎಲ್ಲವನ್ನೂ ಅಳೆದೆವು ಎನ್ನುವ ವರದಿಯಲ್ಲಿ ಅಯೋಡಿನ್ ಸಾಲಿಗೆ ಬೆಲೆಯಿಲ್ಲ.

ಅಯೋಡಿನ್‌ಗೆ ದಿನಾಂಕವೇ ಪ್ರಾಣ. ಎಂಟು ದಿನ ತಡವಾದರೆ ಅರ್ಧ, ಇಪ್ಪತ್ತನಾಲ್ಕು ದಿನ ತಡವಾದರೆ ಎಂಟನೇ ಒಂದು ಪಾಲು ಮಾತ್ರ ಉಳಿದಿರುತ್ತದೆ. ಎಣಿಸಿದ ದಿನದ ಅಂಕಿಯನ್ನು ಮಾದರಿ ತೆಗೆದ ದಿನಕ್ಕೆ ಲೆಕ್ಕ ಹಾಕಿ ಹಿಂದಕ್ಕೆ ಒಯ್ಯಬಹುದು ನಿಜ, ಆದರೆ ಅಷ್ಟರಲ್ಲಿ ಅದು ಪತ್ತೆ ಮಿತಿಯ (ಉಪಕರಣಕ್ಕೆ ಕಾಣುವ ಅತಿ ಸಣ್ಣ ಪ್ರಮಾಣದ) ಕೆಳಗೆ ಹೋಗಿದ್ದರೆ ಯಾವ ಲೆಕ್ಕವೂ ಅದನ್ನು ವಾಪಸು ತರುವುದಿಲ್ಲ. ವರದಿಯಲ್ಲಿ ಮಾದರಿ ತೆಗೆದ ದಿನ ಮತ್ತು ಗಂಟೆ, ಎಣಿಸಿದ ದಿನ ಮತ್ತು ಗಂಟೆ ಎರಡೂ ಇರಬೇಕು.

ಎಷ್ಟು ದಿನಕ್ಕೊಮ್ಮೆ ಮಾದರಿ ತೆಗೆಯಬೇಕು ಎಂಬ ಪ್ರಶ್ನೆಗೆ ಟೋಕಿಯೊದ ನಲ್ಲಿ ನೀರು ಒಳ್ಳೆಯ ಪಾಠ. ಫುಕುಶಿಮಾ ಅವಘಡದ ನಂತರ, 2011ರ ಮಾರ್ಚ್ 23ರಂದು ಅಲ್ಲಿನ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಲೀಟರಿಗೆ 210 ಬೆಕ್ವೆರೆಲ್ ಅಯೋಡಿನ್-131 ಇದೆಯೆಂದು ಪ್ರಕಟಿಸಿ, ಹಸುಗೂಸುಗಳಿಗೆ ಆ ನೀರು ಕೊಡಬೇಡಿ ಎಂದರು. ಕೂಸುಗಳಿಗೆ ಆಗ ಇದ್ದ ಮಿತಿ 100. ಮರುದಿನವೇ ಅದು ಮಿತಿಗಿಂತ ಕೆಳಗಿಳಿಯಿತು. ತಿಂಗಳಿಗೊಮ್ಮೆ ಒಂದು ಬಾಟಲಿ ನೀರು ಹಿಡಿಯುವ ವ್ಯವಸ್ಥೆ ಇದ್ದಿದ್ದರೆ ಆ ಏರಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕಾಗಿಯೇ ಸ್ಥಾವರದ ಕೆಳಹರಿವಿನಲ್ಲಿ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನೀರು ತಾನಾಗಿ ಹಿಡಿದಿಡುವ ಯಂತ್ರ ಇರಬೇಕು. ಹಾಗೆ ಕೂಡಿದ ನೀರನ್ನು ತಿಂಗಳಿಗೊಮ್ಮೆ ಒಟ್ಟಾಗಿ ಅಳೆದರೆ ಇಡೀ ತಿಂಗಳ ಮೊತ್ತ ಸಿಗುತ್ತದೆ. ಆದರೆ ಒಂದು ದಿನದ ಏರಿಕೆ ಮೂವತ್ತು ದಿನಗಳಲ್ಲಿ ಹಂಚಿಹೋಗಿ ತೆಳುವಾಗುವುದರಿಂದ ವಾರಕ್ಕೊಮ್ಮೆ ಬೇರೆಯಾಗಿ ಅಳೆಯುವುದನ್ನೂ ಬಿಡಬಾರದು.

ಇನ್ನು ಪತ್ತೆ ಮಿತಿಯ ಲೆಕ್ಕ. ಇದು ಸ್ವಲ್ಪ ಕಟುವೆನಿಸಬಹುದು, ಆದರೂ ಇದೊಂದು ಅರ್ಥವಾದರೆ ಉಳಿದ ವರದಿಯೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಡಿಟೆಕ್ಟರ್ ಸುತ್ತ ಹತ್ತು ಸೆಂಟಿಮೀಟರ್ ಸೀಸದ ಗೋಡೆ ಕಟ್ಟಿದರೂ ಖಾಲಿ ಪಾತ್ರೆಯಲ್ಲೂ ಒಂದಿಷ್ಟು ಹಿನ್ನೆಲೆ ಎಣಿಕೆ ಬರುತ್ತಲೇ ಇರುತ್ತದೆ. ಮಾದರಿಯಿಂದ ಅದರ ಮೇಲೆ ಎಷ್ಟು ಎಣಿಕೆ ಬರುವಂತಿದ್ದರೆ ಅದು ಬಹುತೇಕ ತಪ್ಪದೆ ಪತ್ತೆಯಾಗುತ್ತದೆ? 1968ರಲ್ಲಿ ಕ್ಯೂರಿ ಎಂಬ ರಸಾಯನ ವಿಜ್ಞಾನಿ (ರೇಡಿಯಂ ಕಂಡುಹಿಡಿದ ಕ್ಯೂರಿ ಅಲ್ಲ) ಕೊಟ್ಟ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ: ಹಿನ್ನೆಲೆ ಎಣಿಕೆಯ ವರ್ಗಮೂಲವನ್ನು 4.65ರಿಂದ ಗುಣಿಸಿ 2.71 ಕೂಡಿಸಬೇಕು. ಒಂದು ಉದಾಹರಣೆ ನೋಡಿ. ಸೀಸಿಯಂ-137ರ ಗಾಮಾ ಕಾಣಿಸುವ 662 ಕಿಲೊ ಎಲೆಕ್ಟ್ರಾನ್‌ವೋಲ್ಟ್ (ಕಿರಣದ ಶಕ್ತಿಯ ಅಳತೆ) ಜಾಗದಲ್ಲಿ 10,000 ಸೆಕೆಂಡಿಗೆ 100 ಹಿನ್ನೆಲೆ ಎಣಿಕೆ ಬರುತ್ತದೆ ಎಂದುಕೊಳ್ಳಿ. ವರ್ಗಮೂಲ 10, ಹಾಗಾಗಿ ಮಿತಿ ಸುಮಾರು 49 ಎಣಿಕೆ. ನೂರು ಗಾಮಾ ಕಿರಣಗಳಲ್ಲಿ ಎರಡು ಡಿಟೆಕ್ಟರಿಗೆ ಸಿಗುತ್ತವೆ, ನೂರು ಕ್ಷಯಕ್ಕೆ 85 ಗಾಮಾ ಹೊರಡುತ್ತವೆ ಎಂದರೆ, ಒಂದು ಬೆಕ್ವೆರೆಲ್ ಸೀಸಿಯಂ ಅಷ್ಟು ಹೊತ್ತಿನಲ್ಲಿ 170 ಎಣಿಕೆ ಕೊಡುತ್ತದೆ. 49ನ್ನು 170ರಿಂದ ಭಾಗಿಸಿದರೆ 0.29 ಬೆಕ್ವೆರೆಲ್. ಪಾತ್ರೆಯಲ್ಲಿ ಒಂದು ಕಿಲೊ ಮಾದರಿ ಇದ್ದರೆ ಕಿಲೊಗೆ 0.29ರವರೆಗೆ ನೋಡಿದಂತಾಯಿತು. ನೂರೇ ಗ್ರಾಂ ಇಟ್ಟಿದ್ದರೆ ಅದೇ ಮಿತಿ ಕಿಲೊಗೆ ಸುಮಾರು 2.9 ಆಗುತ್ತದೆ.

ಸಮಯವನ್ನು ನಾಲ್ಕು ಪಟ್ಟು ಮಾಡಿ 40,000 ಸೆಕೆಂಡು ಎಣಿಸಿದರೆ ಮಿತಿ 0.14ಕ್ಕೆ, ಅಂದರೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ನಾಲ್ಕು ಪಟ್ಟು ಹೊತ್ತಿಗೆ ಎರಡು ಪಟ್ಟು ದೃಷ್ಟಿ, ಅಷ್ಟೇ. ಇದರಿಂದಲೇ ಮಾದರಿಗಳ ಸಾಲು ಉದ್ದವಾಗಿರುವ ಪ್ರಯೋಗಾಲಯಕ್ಕೆ ಬೇಗ ಮುಗಿಸುವ ಆಸೆ ಹುಟ್ಟುತ್ತದೆ. ಹದಿನೈದು ನಿಮಿಷ ಎಣಿಸಿ ‘ಪತ್ತೆಯಾಗಿಲ್ಲ’ ಎಂದು ಬರೆದುಬಿಡುವುದು ಬಹಳ ಸುಲಭ. ಹಾಗೆ ಬರೆದವರು ಸುಳ್ಳು ಹೇಳಿದಂತಲ್ಲ, ಆದರೆ ಕಿಲೊಗೆ 10 ಬೆಕ್ವೆರೆಲ್ ಇದ್ದರೂ ಕಾಣದ ಉಪಕರಣದ ‘ಇಲ್ಲ’ಕ್ಕೂ 0.1 ಇದ್ದರೆ ಕಾಣುವ ಉಪಕರಣದ ‘ಇಲ್ಲ’ಕ್ಕೂ ಇರುವ ಅಂತರ ಓದುಗನಿಗೆ ತಿಳಿಯದಂತೆ ಮಾಡಿದ್ದಾರೆ. ‘0.29ಕ್ಕಿಂತ ಕಡಿಮೆ’ ಎಂದು ಬರೆದರೆ ಒಂದು ಶಬ್ದ ಹೆಚ್ಚಾಗುತ್ತದೆ, ಅಷ್ಟೇ.

ಇದೇ ಸಂಖ್ಯಾಶಾಸ್ತ್ರಕ್ಕೆ ಇನ್ನೊಂದು ಮುಖವಿದೆ. ‘ಇದೆ’ ಎಂದು ತೀರ್ಮಾನಿಸುವ ಗೆರೆ ಪತ್ತೆ ಮಿತಿಗಿಂತ ಕೆಳಗಿರುತ್ತದೆ, ಅದನ್ನು ಸಾಮಾನ್ಯವಾಗಿ ಎಳೆದಿರುವುದೇ ನೂರು ಖಾಲಿ ಮಾದರಿಗಳಲ್ಲಿ ಐದು ಅದನ್ನು ದಾಟುವ ಹಾಗೆ. ನೂರಾರು ಮಾದರಿ ಅಳೆಯುವ ಕಡೆ ಗೆರೆಯಿಂದ ಕೂದಲೆಳೆ ಮೇಲಿರುವ ಅಂಕಿಗಳು ಆಗಾಗ ಬರುವುದು ಸಹಜ. ಅವನ್ನು ಮುಚ್ಚಿಡುವುದೂ ತಪ್ಪು, ಮುಖಪುಟದಲ್ಲಿ ಹಾಕುವುದೂ ತಪ್ಪು. ಅದೇ ಮಾದರಿಯನ್ನು ಇನ್ನೂ ಹೆಚ್ಚು ಹೊತ್ತು ಎಣಿಸಬೇಕು, ಅದೇ ಜಾಗದಿಂದ ಹೊಸ ಮಾದರಿ ತೆಗೆಯಬೇಕು, ಎರಡನ್ನೂ ಪ್ರಕಟಿಸಬೇಕು. ಪತ್ತೆಯಾದ ಅಂಕಿಯ ಪಕ್ಕದಲ್ಲಿ ಅನಿಶ್ಚಿತತೆಯೂ ಇರಬೇಕು. ಬರೀ ‘3.2’ ಎನ್ನುವುದಕ್ಕಿಂತ ‘3.2, ಹೆಚ್ಚುಕಡಿಮೆ 0.9’ ಎನ್ನುವುದು ಪ್ರಾಮಾಣಿಕ.

ಅಗ್ಗದ ಸೋಡಿಯಂ ಅಯೊಡೈಡ್ ಡಿಟೆಕ್ಟರ್‌ಗಳಿಂದಲೂ ಗಾಮಾ ಅಳೆಯಬಹುದು, ತ್ವರಿತ ತಪಾಸಣೆಗೆ ಅವು ಒಳ್ಳೆಯವೇ. ಆದರೆ 662ರ ಬಳಿ ಅವುಗಳ ಶಿಖರದ (ಒಂದು ಶಕ್ತಿಯ ಗಾಮಾ ಎಣಿಕೆಯ ನಕ್ಷೆಯಲ್ಲಿ ಮೂಡಿಸುವ ಉಬ್ಬಿನ) ಅಗಲ ನಲವತ್ತೈದು ಕಿಲೊ ಎಲೆಕ್ಟ್ರಾನ್‌ವೋಲ್ಟ್‌ನಷ್ಟು. ಜರ್ಮೇನಿಯಂನಲ್ಲಿ ಅದು ಎರಡಕ್ಕಿಂತ ಕಡಿಮೆ. ಮಣ್ಣು, ನೀರಿನಲ್ಲಿ ಸಹಜವಾಗಿಯೇ ಇರುವ ಬಿಸ್ಮತ್-214 ಹೊಮ್ಮಿಸುವ 609ರ ಗಾಮಾವನ್ನು ಸೀಸಿಯಂ-134ರ 605 ಎಂದು ಈ ಡಿಟೆಕ್ಟರ್ ಓದಿಬಿಡಬಹುದು. ಮಳೆ ಬಂದ ಹೊತ್ತಿನಲ್ಲಿ, ಗಾಳಿಯಲ್ಲಿನ ರೇಡಾನ್ ಅನಿಲ ಕ್ಷಯಿಸಿ ಹುಟ್ಟಿದ ಬಿಸ್ಮತ್-214ರಂಥವು ನೆಲಕ್ಕಿಳಿದಾಗ, ಇಂಥ ಸುಳ್ಳು ಸೀಸಿಯಂ ಕಾಣಿಸಿಕೊಳ್ಳುತ್ತದೆ. ಸೀಸಿಯಂ-134ಕ್ಕೆ 796ರಲ್ಲೂ ಶಿಖರ ಇರಬೇಕು. ಅದಿಲ್ಲದೆ 605ರಲ್ಲಿ ಮಾತ್ರ ಕಂಡರೆ ನಂಬಬೇಡಿ. ಜರ್ಮೇನಿಯಂನಲ್ಲೂ ಒಂದು ಗುಂಡಿ ಇದೆ: ಸೀಸಿಯಂ-134 ಒಂದೇ ಕ್ಷಯದಲ್ಲಿ ಎರಡು ಗಾಮಾ ಒಟ್ಟಿಗೆ ಬಿಡುವುದರಿಂದ, ಮಾದರಿ ಡಿಟೆಕ್ಟರಿಗೆ ತೀರಾ ಹತ್ತಿರವಿದ್ದಾಗ ಎರಡೂ ಒಂದೇ ಎಣಿಕೆಯಾಗಿ ಸೇರಿ ಅಂಕಿ ಕಡಿಮೆ ಬರುತ್ತದೆ. ಇದಕ್ಕೆ ತಿದ್ದುಪಡಿ ಹಾಕಿದ್ದಾರೆಯೇ ಎಂದು ಕೇಳಬೇಕು.

ಸೀಸಿಯಂ-134ರ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಸೀಸಿಯಂ-137 ಸಿಕ್ಕಿತು ಎಂದಮಾತ್ರಕ್ಕೆ ಅದು ಪಕ್ಕದ ಸ್ಥಾವರದ್ದೇ ಎಂದು ಹೇಳಲಾಗದು. ಕಳೆದ ಶತಮಾನದ 50 ಮತ್ತು 60ರ ದಶಕಗಳಲ್ಲಿ ವಾತಾವರಣದಲ್ಲಿ ನಡೆಸಿದ ಬಾಂಬ್ ಪರೀಕ್ಷೆಗಳ ಸೀಸಿಯಂ-137 ಜಗತ್ತಿನ ಮಣ್ಣಿನಲ್ಲೆಲ್ಲ ಇನ್ನೂ ಇದೆ. ಆದರೆ ಬಾಂಬಿನ ಧೂಳಿನಲ್ಲಿ ಸೀಸಿಯಂ-134 ಇಲ್ಲವೆನ್ನುವಷ್ಟು ಕಡಿಮೆ, ಅದು ಹುಟ್ಟುವುದು ರಿಯಾಕ್ಟರಿನಲ್ಲಿ. ಎರಡು ವರ್ಷದ ಅರ್ಧಾಯುಷ್ಯದಿಂದಾಗಿ ಹಳೆಯದೆಲ್ಲ ಅಳಿದಿರುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಸಿಕ್ಕರೆ ಇತ್ತೀಚೆಗೆ ಯಾವುದೋ ರಿಯಾಕ್ಟರಿನಿಂದ ಬಂದದ್ದು ಎಂದು ಹೇಳಬಹುದು. ಹೊರಬಿದ್ದ ಹೊತ್ತಿನಲ್ಲಿ ಇವೆರಡರ ಪ್ರಮಾಣ ಫುಕುಶಿಮಾದಲ್ಲಿ ಹೆಚ್ಚುಕಡಿಮೆ ಸಮ, ಚೆರ್ನೊಬಿಲ್‌ನಲ್ಲಿ 137ರ ಅರ್ಧದಷ್ಟು 134 ಇತ್ತು. ಅಯೋಡಿನ್-131 ವಿಷಯದಲ್ಲೂ ಎಚ್ಚರ ಬೇಕು. ಥೈರಾಯ್ಡ್ ಚಿಕಿತ್ಸೆ ಪಡೆದ ರೋಗಿಗಳಿಂದ ಅದು ನಗರಗಳ ಚರಂಡಿ ನೀರಿಗೆ ಸೇರುತ್ತದೆ. ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು ಮಾದರಿ ತೆಗೆಯದೆ ತೀರ್ಪು ಕೊಡಬಾರದು.

ಹಾಲನ್ನು ಎಲ್ಲರೂ ಮುಂದಿಟ್ಟುಕೊಂಡು ಅಳೆಯುವುದು ಸುಮ್ಮನಲ್ಲ. ಹಸು ದಿನವಿಡೀ ದೊಡ್ಡ ಬಯಲಿನ ಹುಲ್ಲು ಮೇಯ್ದು, ಅದರ ಮೇಲೆ ಬಿದ್ದ ಅಯೋಡಿನ್ ಅನ್ನು ಒಂದು ದಿನದೊಳಗೆ ಹಾಲಿಗೆ ತರುತ್ತದೆ. 1957ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೊಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದ್ದು ಇದಕ್ಕೇ. 1986ರಲ್ಲಿ ಚೆರ್ನೊಬಿಲ್ ಸುತ್ತ ಹಾಗೆ ಸಮಯಕ್ಕೆ ಸರಿಯಾಗಿ ಎಲ್ಲ ಕಡೆ ತಡೆಯದಿದ್ದುದರ ಬೆಲೆಯನ್ನು ಮಕ್ಕಳು ತೆತ್ತರು. ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್‌ಗಳು ಕಂಡುಬಂದವು, ಅದರ ದೊಡ್ಡ ಪಾಲಿಗೆ ಆ ಹಾಲೇ ಕಾರಣ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಹೇಳಿದೆ. ಒಂದೇ ಬೆಕ್ವೆರೆಲ್ ಅಯೋಡಿನ್-131 ಹೊಟ್ಟೆಗೆ ಹೋದರೆ ವಯಸ್ಕರಿಗಿಂತ ಹಸುಗೂಸಿಗೆ ಸುಮಾರು ಎಂಟು ಪಟ್ಟು ಹೆಚ್ಚು ಪ್ರಮಾಣದ ವಿಕಿರಣ ತಗಲುತ್ತದೆ. ಮೇಕೆ ಹಾಲಿನಲ್ಲಿ ಲೀಟರಿಗೆ ಬರುವ ಅಯೋಡಿನ್ ಹಸುವಿನ ಹಾಲಿಗಿಂತ ಹೆಚ್ಚು. ಆದ್ದರಿಂದ ಸ್ಥಾವರದ ಹತ್ತಿರ ಮೇಕೆ ಸಾಕುವವರಿದ್ದರೆ ಆ ಹಾಲು ಪಟ್ಟಿಯಲ್ಲಿ ಇರಲೇಬೇಕು. ಹಲವು ಹಳ್ಳಿಗಳಿಂದ ಬಂದು ಡೈರಿಯ ಟ್ಯಾಂಕಿನಲ್ಲಿ ಬೆರೆತ ಹಾಲು ಇದಕ್ಕೆ ಬದಲಿಯಾಗದು. ಹುಲ್ಲು ಮೇಯುತ್ತಿರುವ ಹಸುವಿನ ಹಾಲೇ ಬೇಕು, ಹೊರಗಿನಿಂದ ತಂದ ಹಿಂಡಿ ತಿನ್ನುವ ಹಸುವಿನದಲ್ಲ.

ಮೇವಿನ ವಿಷಯದಲ್ಲಿ ಆಗುವ ಅಜಾಗರೂಕತೆಗೆ 2011ರ ಜುಲೈನಲ್ಲಿ ಜಪಾನಿನ ಮಾಂಸದಲ್ಲಿ ಸಿಕ್ಕ ಸೀಸಿಯಂ ಸಾಕ್ಷಿ. ಹಸಿ ಹುಲ್ಲಿನ ಮೇಲೆ ಎಲ್ಲರ ಗಮನವಿತ್ತು. ಹಿಂದಿನ ಸುಗ್ಗಿಯ ಭತ್ತದ ಹುಲ್ಲು ಬಯಲಲ್ಲೇ ಬಿದ್ದಿದ್ದು, ಅದರ ಮೇಲೆ ಸೀಸಿಯಂ ಇಳಿದು, ಅದೇ ಒಣಹುಲ್ಲು ದೂರದೂರದ ಕೊಟ್ಟಿಗೆಗಳಿಗೆ ಹೋಗಿತ್ತು. ಅಂದರೆ ನಕ್ಷೆಯ ಮೇಲೆ ವೃತ್ತ ಎಳೆದು ಅದರೊಳಗಿನದನ್ನು ಅಳೆದರೆ ಸಾಲದು, ಏನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಬೇಕು. ಕಾಡಿನ ಅಣಬೆ, ಕಾಡುಹಂದಿ, ಕೆರೆ ಮತ್ತು ನದಿಯ ಮೀನುಗಳಲ್ಲಿ ಸೀಸಿಯಂ ಹೊಲದ ಬೆಳೆಗಿಂತ ಬಹಳ ಕಾಲ ನಿಲ್ಲುತ್ತದೆ. ಪೊಟ್ಯಾಸಿಯಂ ಬಡವಾದ ಮಣ್ಣು ಮತ್ತು ನೀರಿನಲ್ಲಿ ಗಿಡವಾಗಲಿ ಮೀನಾಗಲಿ ಅದರ ಬದಲು ಸೀಸಿಯಂ ಅನ್ನು ಹೀರಿಕೊಳ್ಳುತ್ತದೆ. ಸಮುದ್ರದ ಮೀನಿಗಿಂತ ಸಿಹಿನೀರಿನ ಮೀನಿನಲ್ಲಿ ಅದು ಹೆಚ್ಚು ಸೇರುವುದೂ, ಫುಕುಶಿಮಾದ ಗದ್ದೆಗಳಿಗೆ ಪೊಟ್ಯಾಷ್ ಗೊಬ್ಬರ ಹಾಕಿ ಭತ್ತಕ್ಕೆ ಸೇರುವುದನ್ನು ತಗ್ಗಿಸಿದ್ದೂ ಇದೇ ಕಾರಣದಿಂದ. ಚೆರ್ನೊಬಿಲ್ ಧೂಳು ಬಿದ್ದ ಬ್ರಿಟನ್ನಿನ ಗುಡ್ಡಗಳ ಕುರಿಗಳ ಮೇಲಿನ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ, 26 ವರ್ಷಗಳ ಮೇಲೆ.

ಆಹಾರದ ಅಂಕಿಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಹಸಿ ತೂಕ, ಒಣ ತೂಕದ ವ್ಯತ್ಯಾಸ. ಅಣಬೆ ಅಥವಾ ಸೊಪ್ಪಿನ ಹತ್ತರಲ್ಲಿ ಒಂಬತ್ತು ಪಾಲು ನೀರು. ಹಸಿಯಾಗಿದ್ದಾಗ ಕಿಲೊಗೆ 10 ಬೆಕ್ವೆರೆಲ್ ಇದ್ದದ್ದು ಒಣಗಿಸಿದರೆ ಕಿಲೊಗೆ 100 ಆಗುತ್ತದೆ, ತಿನ್ನುವವನ ಹೊಟ್ಟೆಗೆ ಹೋಗುವುದು ಅಷ್ಟೇ. ಯಾವ ತೂಕ ಎಂದು ಬರೆಯದ ಅಂಕಿಯನ್ನು ಯಾವ ಮಿತಿಯೊಂದಿಗೂ ಹೋಲಿಸಬೇಡಿ. ತೊಳೆದು ಅಳೆದರೋ ತೊಳೆಯದೆಯೋ ಎಂಬುದೂ ಹಾಗೆಯೇ. ಊಟದ ಪ್ರಮಾಣ ತಿಳಿಯಲು ತೊಳೆದು, ತಿನ್ನುವ ಭಾಗವನ್ನು ಮಾತ್ರ ಅಳೆಯಬೇಕು. ಆಕಾಶದಿಂದ ಏನು ಬಿತ್ತು ಎಂದು ತಿಳಿಯಲು ತೊಳೆಯಬಾರದು. ಮಾದರಿಯನ್ನು ಬೂದಿ ಮಾಡಿ ಗಾತ್ರ ಇಳಿಸುವವರು ಕುಲುಮೆಯನ್ನು 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಟ್ಟರೆ ಸೀಸಿಯಂ ಹೊಗೆಯಾಗಿ ಹೋಗತೊಡಗುತ್ತದೆ. ಬೂದಿಯಲ್ಲಿ ಸೀಸಿಯಂ ಕಡಿಮೆ ಬಂತೆಂದರೆ ಮೊದಲು ಕುಲುಮೆಯ ದಾಖಲೆ ಕೇಳಿ. ಒಂದೇ ಮಿಕ್ಸರ್‌ನಲ್ಲಿ ಹಲವು ಮಾದರಿ ಅರೆಯುವ ಕಡೆ ಹಿಂದಿನದು ಮುಂದಿನದಕ್ಕೆ ಅಂಟುತ್ತದೆ. ಕಡಿಮೆ ಇರುವ ನಿರೀಕ್ಷೆಯ ಮಾದರಿ ಮೊದಲು, ಹೆಚ್ಚಿರಬಹುದಾದದ್ದು ಕೊನೆಗೆ ಎಂಬ ಕ್ರಮ, ಪ್ರತಿಸಲ ಹೊಸ ಕೈಗವಸು, ಡಿಟೆಕ್ಟರಿಗೆ ತಾಗುವ ಪಾತ್ರೆಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು.

ಸ್ಟ್ರಾನ್ಷಿಯಂ-90ರ ಫಲಿತಾಂಶ ಮೂರ್ನಾಲ್ಕು ವಾರ ತಡವಾದರೆ ಅನುಮಾನ ಬೇಡ. ಅದನ್ನು ಬೇರ್ಪಡಿಸಿದ ಮೇಲೆ ಅದರಿಂದ ಹುಟ್ಟುವ ಯಿಟ್ರಿಯಂ-90 ಪೂರ್ತಿ ಬೆಳೆದು ಸಮತೋಲಕ್ಕೆ ಬರಲು ಸುಮಾರು ಎರಡು ವಾರ ಕಾಯಬೇಕು. ಮೂಳೆಗೆ ಹೋಗಿ ಕೂರುವ ಧಾತುವಾದ್ದರಿಂದ ಮೀನನ್ನು ಮೂಳೆ ಸಮೇತ ತಿನ್ನುವ ಕಡೆ ಬರೀ ಮಾಂಸ ಅಳೆದರೆ ಸಾಲದು.

ಟ್ರಿಟಿಯಂಗೆ ನೀರನ್ನು ಮೊದಲು ಬಟ್ಟಿ ಇಳಿಸಬೇಕು, ಬಣ್ಣ ಮತ್ತು ಲವಣ ಹೋಗದಿದ್ದರೆ ಬೆಳಕಿನ ಮಿನುಗು ಮಂಕಾಗುತ್ತದೆ. ಮೊದಲು ಬಂದ ಸ್ವಲ್ಪ ನೀರನ್ನು ಚೆಲ್ಲಿ, ನಂತರದ 8–10 ಮಿಲಿಲೀಟರನ್ನು ಅಷ್ಟೇ ಪ್ರಮಾಣದ ಅಥವಾ ತುಸು ಹೆಚ್ಚು ಸಿಂಟಿಲೇಶನ್ ದ್ರಾವಣದೊಂದಿಗೆ 20 ಮಿಲಿಲೀಟರ್ ಸೀಸೆಯಲ್ಲಿ ಬೆರೆಸಿ, ಒಂದು ರಾತ್ರಿ ಕತ್ತಲಲ್ಲಿಟ್ಟು ಎಣಿಸಬೇಕು. ಕತ್ತಲಲ್ಲಿಡದೆ ಎಣಿಸಿದರೆ ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ ಬೆಳಕೂ ಟ್ರಿಟಿಯಂನಂತೆ ಕಾಣುತ್ತದೆ. ಒಟ್ಟಿಗೆ ಎಣಿಸುವ ಪ್ರತಿ ಮಾದರಿಗಳ ಗುಂಪಿನ ಜತೆಗೆ ಟ್ರಿಟಿಯಂ ಇಲ್ಲದ ಆಳದ ಹಳೆಯ ಅಂತರ್ಜಲದ ಒಂದು ಸೀಸೆ ಹೋಲಿಕೆಗೆ ಇರಬೇಕು. ಭಾರಜಲ ಬಳಸುವ ರಿಯಾಕ್ಟರ್‌ಗಳಲ್ಲಿ ಆ ನೀರಿನಲ್ಲಿರುವ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ನ್ಯೂಟ್ರಾನ್ ಹೀರಿ ಟ್ರಿಟಿಯಂ ಆಗುವುದರಿಂದ ಅಂಥ ಸ್ಥಾವರಗಳ ಸುತ್ತ ಇದೇ ಮೊದಲ ಅಳತೆಯಾಗಬೇಕು. ನೀರಿನ ಜತೆಗೆ ಗಾಳಿಯ ತೇವವನ್ನೂ ಹಿಡಿದು ನೋಡಬೇಕು. ಮನೆಯಲ್ಲಿ ನೀರು ಕುದಿಸುವುದರಿಂದಾಗಲಿ ಆರ್‌ಒ ಫಿಲ್ಟರ್‌ನಿಂದಾಗಲಿ ಟ್ರಿಟಿಯಂ ಹೋಗುವುದಿಲ್ಲ. ಕುದಿಸಿ ಬತ್ತಿಸಿದರೆ ಉಳಿದ ನೀರಿನಲ್ಲಿ ಸೀಸಿಯಂ ಇನ್ನಷ್ಟು ಸಾಂದ್ರವಾಗುತ್ತದೆ.

ಈಚೆಗೆ ಅಗ್ಗದ ಗೈಗರ್ ಕೌಂಟರ್ ಕೊಂಡು ತರಕಾರಿಯ ಮೇಲೆ ಹಿಡಿದು ನೋಡುವವರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತಲೇ ಹೇಳುತ್ತೇವೆ, ಅದರಿಂದ ಆಹಾರದ ಬಗ್ಗೆ ಏನೂ ತಿಳಿಯುವುದಿಲ್ಲ. ಕಿಲೊಗೆ 100 ಬೆಕ್ವೆರೆಲ್ ಸೀಸಿಯಂ-137 ಇರುವ ಒಂದು ಕಿಲೊ ಆಹಾರ ಹತ್ತು ಸೆಂಟಿಮೀಟರ್ ದೂರದಲ್ಲಿ ಗಂಟೆಗೆ ಸುಮಾರು 0.0009 ಮೈಕ್ರೊಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಕೊಡುತ್ತದೆ. ಎಲ್ಲ ಕಡೆ ಇರುವ ಹಿನ್ನೆಲೆಯೇ ಗಂಟೆಗೆ 0.1ರ ಆಸುಪಾಸು, ಮತ್ತು ಅದು ನಿಮಿಷದಿಂದ ನಿಮಿಷಕ್ಕೆ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಟ್ರಿಟಿಯಂ ಆ ಕೊಳವೆಯೊಳಗೆ ಹೋಗುವುದೇ ಇಲ್ಲ. ಮನೆಯ ಸುತ್ತ ಗಾಮಾ ದಿಢೀರನೆ ಏರಿತೇ ಎಂದು ನೋಡಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಮಿತಿಗಳ ಬಗ್ಗೆಯೂ ಒಂದು ಮಾತು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕೋಡೆಕ್ಸ್ ಎಂಬ ಆಹಾರ ಮಾನದಂಡ ಆಯೋಗ ಹೇಳುವ ಸೀಸಿಯಂ ಮಿತಿ ಕಿಲೊಗೆ 1,000 ಬೆಕ್ವೆರೆಲ್. ಜಪಾನ್ 2012ರ ಏಪ್ರಿಲ್‌ನಿಂದ ಸಾಮಾನ್ಯ ಆಹಾರಕ್ಕೆ 100, ಹಾಲು ಮತ್ತು ಶಿಶು ಆಹಾರಕ್ಕೆ 50, ಕುಡಿಯುವ ನೀರಿಗೆ 10 ಎಂದು ಇಟ್ಟಿತು. ಹತ್ತು ಪಟ್ಟು ಅಂತರ ಕಂಡು ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬಾರದು. ಎರಡೂ ವರ್ಷಕ್ಕೆ 1 ಮಿಲಿಸೀವರ್ಟ್ ದಾಟದಂತೆಯೇ ಲೆಕ್ಕ ಹಾಕಿದವು. ಊಟದಲ್ಲಿ ಹತ್ತನೇ ಒಂದು ಪಾಲು ಮಾತ್ರ ಕಲುಷಿತ ಎಂದು ಕೋಡೆಕ್ಸ್ ಭಾವಿಸಿದರೆ, ಅರ್ಧದಷ್ಟು ಎಂದು ಜಪಾನ್ ಭಾವಿಸಿತು. ಟ್ರಿಟಿಯಂ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ ಲೀಟರಿಗೆ 10,000, ಯುರೋಪ್ ಒಕ್ಕೂಟದ್ದು 100. ಎರಡನೆಯದು ಅಪಾಯದ ಗೆರೆಯಲ್ಲ, ಅದನ್ನು ದಾಟಿದರೆ ಕಾರಣ ಹುಡುಕಿ ಎಂಬ ಸೂಚನೆ.

ನಮ್ಮ ದೃಷ್ಟಿಯಲ್ಲಿ ಸ್ಥಾವರದ ಸುತ್ತಲಿನ ತಪಾಸಣೆಗೆ ಈ ಎರಡನೆಯ ಬಗೆಯ ಗೆರೆಯೇ ಬೇಕು. ಸಹಜವಾಗಿ ನಡೆಯುತ್ತಿರುವ ಸ್ಥಾವರದ ಪಕ್ಕದ ಹಾಲಿನಲ್ಲಿ ಇದ್ದಕ್ಕಿದ್ದಂತೆ 40 ಬೆಕ್ವೆರೆಲ್ ಸೀಸಿಯಂ ಬಂದರೆ ಅದು ಮೇಲೆ ಹೇಳಿದ ಹಾಲಿನ ಮಿತಿಗಳ ಕೆಳಗೇ ಇರುತ್ತದೆ, ‘ಮಿತಿಯೊಳಗಿದೆ’ ಎಂದು ಬರೆಯಲು ಅಡ್ಡಿಯಿಲ್ಲ. ಆದರೆ ಅಲ್ಲಿ ಏನೋ ಕೆಟ್ಟಿದೆ ಎಂಬುದರಲ್ಲಿ ಸಂದೇಹವೇ ಇಲ್ಲ. ಹೋಲಿಕೆ ಆಗಬೇಕಾದದ್ದು ಆಹಾರ ಮಿತಿಯೊಂದಿಗಲ್ಲ. ಸ್ಥಾವರ ಶುರುವಾಗುವ ಮೊದಲು ಅದೇ ಜಾಗದಲ್ಲಿ, ಎಲ್ಲ ಋತುಗಳಲ್ಲಿ ತೆಗೆದ ಅಂಕಿಗಳೊಂದಿಗೆ ಮತ್ತು ಸ್ಥಾವರದ ಗಾಳಿ ತಲುಪದ ಕಡೆಯ ದೂರದ ಜಾಗವೊಂದರ ಅಂದಿನ ಅಂಕಿಯೊಂದಿಗೆ ಹೋಲಿಸಬೇಕು. ಸಮುದ್ರದ ನೀರಿನಲ್ಲಿ ಹಳೆಯ ಬಾಂಬ್ ಪರೀಕ್ಷೆಗಳಿಂದ ಉಳಿದ ಸೀಸಿಯಂ-137 ಲೀಟರಿಗೆ ಒಂದೆರಡು ಮಿಲಿ ಬೆಕ್ವೆರೆಲ್ ಮಾತ್ರ. ಒಂದು ಲೀಟರ್ ಇಟ್ಟು ಎಣಿಸಿದರೆ ಇದು ಯಾವ ಡಿಟೆಕ್ಟರಿಗೂ ಕಾಣದು. ಹತ್ತಾರು ಲೀಟರ್ ತೆಗೆದುಕೊಂಡು ಅಮೋನಿಯಂ ಫಾಸ್ಫೊಮಾಲಿಬ್ಡೇಟ್‌ನಿಂದ ಸೀಸಿಯಂ ಅನ್ನು ಕೆಳಗಿಳಿಸಿ ಅಳೆದರೆ ಕಾಣುತ್ತದೆ. ಅಷ್ಟು ಶ್ರಮಪಟ್ಟು ಅಳೆದವರಿಗೆ ಮಾತ್ರ ಎರಡು ಮಿಲಿ ಬೆಕ್ವೆರೆಲ್ ನಾಲ್ಕಾದದ್ದು ತಿಳಿಯುತ್ತದೆ.

ಆದ್ದರಿಂದ ಸ್ಥಾವರ ನಡೆಸುವವರಲ್ಲಿ, ಅದರ ಮೇಲುಸ್ತುವಾರಿ ನೋಡುವವರಲ್ಲಿ ನಮ್ಮ ಬೇಡಿಕೆ ಇಷ್ಟು: ಪ್ರತಿ ಮಾದರಿಯ ಜಾಗ, ಬಗೆ, ತೆಗೆದ ಮತ್ತು ಎಣಿಸಿದ ಹೊತ್ತು, ತೂಕದ ಬಗೆ, ಧಾತುವಾರು ಅಂಕಿ, ಅನಿಶ್ಚಿತತೆ, ಪತ್ತೆ ಮಿತಿ ಇವೆಲ್ಲ ಇರುವ ಪೂರ್ತಿ ಕೋಷ್ಟಕವನ್ನು ಪ್ರಕಟಿಸಿ. ವರ್ಷದ ಸರಾಸರಿ ಮಾತ್ರ ಕೊಡಬೇಡಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ನಡೆಸುವಂಥ ಪ್ರಾವೀಣ್ಯ ಪರೀಕ್ಷೆಗಳಲ್ಲಿ, ಅಂದರೆ ಉತ್ತರ ಹೇಳದೆ ಮಾದರಿ ಕಳಿಸಿ ಅಳೆಸುವ ಪರೀಕ್ಷೆಗಳಲ್ಲಿ, ಪ್ರಯೋಗಾಲಯ ಪಡೆದ ಫಲಿತಾಂಶವನ್ನೂ ಜತೆಗಿಡಿ. ತಮ್ಮ ಪತ್ರಿಕೆಯಲ್ಲಿ ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ವರದಿಗಾರರು ‘ಪತ್ತೆ ಮಿತಿ ಎಷ್ಟು’ ಎಂಬ ಒಂದು ಪ್ರಶ್ನೆಯನ್ನಾದರೂ ಕೇಳಿ, ಉತ್ತರವನ್ನು ಅಂಕಿಯಲ್ಲೇ ಮುದ್ರಿಸಬೇಕೆಂದು ಕೋರುತ್ತೇವೆ.

ಇನ್ನೊಂದು ಬೇಡಿಕೆಗೆ ಖರ್ಚು ಬಹಳ ಕಡಿಮೆ. ಮಾದರಿಯನ್ನು ಊರಿನವರ ಎದುರಿಗೇ ತೆಗೆದು ಮೂರು ಪಾಲು ಮಾಡಿ ಮೊಹರು ಹಾಕಿ. ಒಂದು ಸ್ಥಾವರದ ಪ್ರಯೋಗಾಲಯಕ್ಕೆ, ಒಂದು ಅದಕ್ಕೆ ಸಂಬಂಧಪಡದ ಪ್ರಯೋಗಾಲಯಕ್ಕೆ ಹೋಗಲಿ. ಮೂರನೆಯದನ್ನು, ಆಹಾರವಾದರೆ ಒಣಗಿಸಿ, ನೀರಾದರೆ ಆಮ್ಲ ಹಾಕಿದ್ದು ಮತ್ತು ಹಾಕದ್ದು ಎಂದು ಎರಡು ಬಾಟಲಿಗಳಲ್ಲಿ, ಕನಿಷ್ಠ ಎರಡು ವರ್ಷ ಎತ್ತಿಡಿ. ಅಯೋಡಿನ್‌ಗೆ ಇದರಿಂದ ಪ್ರಯೋಜನವಿಲ್ಲ, ಅದಕ್ಕೆ ಮೊದಲ ಎರಡು ಪಾಲುಗಳನ್ನೇ ಅದೇ ವಾರ ಅಳೆಯಬೇಕು. ಸೀಸಿಯಂ, ಸ್ಟ್ರಾನ್ಷಿಯಂ, ನೀರಿನ ಬಾಟಲಿಯಾದರೆ ಟ್ರಿಟಿಯಂ ಮಾತ್ರ ಅಲ್ಲೇ ಇರುತ್ತವೆ. ಎರಡು ಅಂಕಿಗಳು ಹೊಂದದಿದ್ದ ದಿನ ಆ ಮೂರನೆಯ ಬಾಟಲಿಯ ಮುಚ್ಚಳ ತೆಗೆಯಬಹುದು.

ಇಂತಿ,
ಪರಿಸರ ವಿಕಿರಣ ಮಾಪನದ ಕೆಲಸ ಬಲ್ಲ ಕೆಲವು ಓದುಗರು